ಹೊಸ ಡಿಸ್ಕು, ಹಳೆಯ ಬೆಂಚು

ನನ್ನ ಕಂಪ್ಯೂಟರು ಈಗ ಹನ್ನೆರಡು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಗುಂಡಿ ಒತ್ತಿ, ಕುರ್ಚಿ ಎಳೆದುಕೊಂಡು, ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅದು ಸಿದ್ಧವಾಗಿ ನನ್ನ ಮುಖ ನೋಡುತ್ತಿರುತ್ತದೆ. ನಿಮಗೆ ಇದು ಸಂತೋಷದ ಸುದ್ದಿಯಾಗಿ ಕೇಳಿಸಬಹುದು. ನನಗೆ ಮಾತ್ರ ಹೆಂಡತಿಯ ತವರಿನವರು ಹೇಳದೆ ಕೇಳದೆ ಬೆಳಿಗ್ಗೆ ಆರಕ್ಕೇ ಬಾಗಿಲಿಗೆ ಬಂದು ನಿಂತ ಹಾಗಾಗುತ್ತದೆ. ಯಾವ ಕೆಲಸ ಮೊದಲು ಮಾಡಬೇಕೆಂದು ನಾನಿನ್ನೂ ಯೋಚಿಸಿಯೇ ಇರುವುದಿಲ್ಲ.

ಮೂರು ತಿಂಗಳ ಹಿಂದಿನವರೆಗೂ ಹೀಗಿರಲಿಲ್ಲ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದೊಡನೆ ಗುಂಡಿ ಒತ್ತುತ್ತಿದ್ದೆ. ಆಮೇಲೆ ಅಂಗಡಿಯ ಮುಂದೆ ಗುಡಿಸುವುದು, ನೀರು ಚಿಮುಕಿಸುವುದು, ದೇವರ ಪಟಕ್ಕೆ ಊದುಕಡ್ಡಿ ಹಚ್ಚುವುದು. ತಿರುಗಿ ನೋಡಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತಿತ್ತು. ಎದುರಿನ ಕುಂಞಮ್ಮದ್ ಕಾಕನ ಅಂಗಡಿಗೆ ಹೋಗಿ ಟೀ ಕುಡಿದು, ಮಲಯಾಳ ಪತ್ರಿಕೆಯನ್ನು ನಿಧನವಾರ್ತೆಯವರೆಗೂ ಓದಿ, ತೀರಿಕೊಂಡವರಲ್ಲಿ ಗುರುತಿನವರು ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕೊನೆಗೊಮ್ಮೆ ಟಣ್ ಎಂದು ಒಂದು ಶಬ್ದ ಬರುತ್ತಿತ್ತು. ಅಂಗಡಿಯ ಬೆಂಚಿನ ಮೇಲೆ ಕಾದು ಕೂತವರೆಲ್ಲ ಆ ಶಬ್ದಕ್ಕೆ ದೇವಸ್ಥಾನದಲ್ಲಿ ಮಂಗಳಾರತಿಗೆ ಏಳುವಂತೆ ಎದ್ದು ನಿಲ್ಲುತ್ತಿದ್ದರು.

ಬೆಂಚಿನ ವಿಷಯ ಹೇಳಲೇಬೇಕು. ಅದು ಹಲಸಿನ ಮರದ್ದು, ನಾಲ್ಕು ಜನ ಕೂರಬಹುದು, ಐದನೆಯವರು ಕೂತರೆ ಮೊದಲನೆಯವರು ಏಳಬೇಕು. ಮಾನಂದವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹತ್ತು ವರ್ಷದಿಂದ ನಾನೊಂದು ಅಂಗಡಿ ಇಟ್ಟುಕೊಂಡಿದ್ದೇನೆ. ಫೋಟೋಸ್ಟ್ಯಾಟ್, ಪಾಸ್‌ಪೋರ್ಟ್ ಸೈಜಿನ ಫೋಟೋ, ಅರ್ಜಿ ತುಂಬುವುದು, ಮಲಯಾಳ ಟೈಪಿಂಗ್, ಇಂಗ್ಲಿಷ್ ಟೈಪಿಂಗ್. ಬೋರ್ಡಿನ ಕೊನೆಯಲ್ಲಿ ಸಣ್ಣದಾಗಿ 'ಕನ್ನಡವೂ'. ಈ ಪೇಟೆಯಲ್ಲಿ ಕನ್ನಡದಲ್ಲಿ ಲಗ್ನಪತ್ರಿಕೆ ಮಾಡಿಕೊಡುವವರಲ್ಲಿ ನಾನೇ ಮೊದಲಿಗ. ಎರಡನೆಯವನು ಯಾರೆಂದು ಮಾತ್ರ ಕೇಳಬೇಡಿ, ಇಲ್ಲ.

ನಮ್ಮ ತಾತ ಎಚ್.ಡಿ. ಕೋಟೆ ಕಡೆಯಿಂದ ಒಂದು ಜೊತೆ ಎತ್ತು ಹೊಡೆದುಕೊಂಡು ಈ ಕಡೆ ಬಂದವರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಮಲಯಾಳ. ಹಾಗಾಗಿ ನನ್ನ ಮೊದಲ ಕನ್ನಡ ಪಠ್ಯಪುಸ್ತಕ ಕೋಟೆಯ ಬಸ್ಸು. ತಾತ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬಸ್ಸಿನ ಹಣೆಯ ಮೇಲಿನ ಬೋರ್ಡು ತೋರಿಸಿ, ಒಂದೊಂದೇ ಅಕ್ಷರ ಹೇಳಿಸುತ್ತಿದ್ದರು. ಬೋರ್ಡು ಮುಗಿದ ಮೇಲೆ ಬಸ್ಸಿನೊಳಗೆ ಹತ್ತಿಸಿ ಅಲ್ಲಿ ಬರೆದದ್ದನ್ನೆಲ್ಲ ಓದಿಸಿದರು. ಅದರ ಫಲವಾಗಿ ನಾನು ಸ್ವಂತವಾಗಿ ಓದಿದ ಮೊದಲ ಪೂರ್ತಿ ವಾಕ್ಯ 'ಬಾಗಿಲಲ್ಲಿ ನಿಲ್ಲಬೇಡಿ'. ಅದನ್ನು ಮನೆಗೆ ಬಂದು, ಹೊಸಿಲ ಬಳಿ ನಿಂತಿದ್ದ ಅಜ್ಜಿಗೆ ಬಹುವಚನದಲ್ಲೇ ಹೇಳಿದೆ. ಮೊಮ್ಮಗ ಓದುಬರಹ ಕಲಿತ ಎಂದು ಅಜ್ಜಿ ಹಿಗ್ಗಿದರೋ, ಬಾಗಿಲಿಂದ ಎಬ್ಬಿಸಿದ ಎಂದು ಸಿಟ್ಟಾದರೋ ನೆನಪಿಲ್ಲ. ಬೆಲ್ಲ ಸಿಕ್ಕಿದ್ದಂತೂ ನೆನಪಿದೆ.

ಅಜ್ಜಿಯ ಮಾತು ಬಂದಾಗ ಪತ್ತಾಯದ ಮಾತನ್ನೂ ಹೇಳಿಬಿಡುತ್ತೇನೆ. ಈ ಪ್ರಬಂಧದ ಅನಾಹುತಕ್ಕೆಲ್ಲ ಅದೇ ಮೂಲ ಎಂದು ಹೇಳಿ ನಾನು ಇವತ್ತಿಗೂ ತಪ್ಪಿಸಿಕೊಳ್ಳುತ್ತಿದ್ದೇನೆ. ಪತ್ತಾಯವೆಂದರೆ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ನಮ್ಮ ಮನೆಯದರಲ್ಲಿ ಮೂರು ಜನ ನಿಂತುಕೊಳ್ಳಬಹುದಿತ್ತು. ಹೊಸ ಭತ್ತ ಮನೆಗೆ ಬಂದ ದಿನ ಅಜ್ಜಿ ಒಂದು ಕ್ರಮ ಮಾಡುತ್ತಿದ್ದರು. ಪತ್ತಾಯದ ತಳದಲ್ಲಿ ಉಳಿದಿದ್ದ ಹಳೆಯ ಭತ್ತವನ್ನು ಕದಲಿಸುತ್ತಿರಲಿಲ್ಲ. ಅದರ ಮೇಲೆ ಹೊಸದನ್ನು ಮೂರು ಹಿಡಿ ಹಾಕಿ, ಕೈಮುಗಿದು, ಆಮೇಲೆ ಉಳಿದದ್ದನ್ನು ಸುರಿಸುತ್ತಿದ್ದರು. ಹಳೆಯದನ್ನು ತೆಗೆದು ಹೊಸ ಚೀಲಕ್ಕೆ ಹಾಕುವುದು ಎಂದರೆ ಅವರಿಗೆ ಆಗದು. "ಹಳೇದು ಮನೆ ಯಜಮಾನ ಕನ ಮಗ. ಹೊಸ್ದೇ ಅದ್ರ ತಾವ ಬಂದು ಸೇರ್ಕಬೇಕು" ಎನ್ನುತ್ತಿದ್ದರು. ಪೆಟ್ಟಿಗೆಯೊಳಗೆ ಇಳಿದು ಭತ್ತವನ್ನು ಕಾಲಲ್ಲಿ ಹರಡುವ ಕೆಲಸ ನನ್ನದಾಗಿತ್ತು. ಅದರ ನವೆ ಎರಡು ದಿನ ಹೋಗುತ್ತಿರಲಿಲ್ಲ. ಹಾಲು ಹೆಪ್ಪು ಹಾಕುವಾಗ, ಉಪ್ಪಿನಕಾಯಿ ಜಾಡಿ ತುಂಬುವಾಗ, ಎಲ್ಲದರಲ್ಲೂ ಇದೇ ಕ್ರಮ. ಹೊಸದು ನಡೆದು ಬರಬೇಕು, ಹಳೆಯದು ಕೂತಿರಬೇಕು. ನನ್ನ ಕೈಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಇವತ್ತಿಗೂ ಹೊಸ ಸಕ್ಕರೆಯನ್ನು ಹಳೆಯದರ ಮೇಲೇ ಸುರಿದು, ತಳದಲ್ಲಿ ಗಟ್ಟಿಯಾದದ್ದಕ್ಕೆ ಪದ್ಮಳ ಕೈಲಿ ಬೈಸಿಕೊಳ್ಳುತ್ತೇನೆ. ಪದ್ಮ ನನ್ನ ಹೆಂಡತಿ.

ಈಗ ನನ್ನ ಒಂದು ಹಳೆಯ ಅಪರಾಧವನ್ನು ನಿಮ್ಮ ಮುಂದೆ ಇಡಬೇಕು. ನಗಬೇಡಿ ಎಂದು ಹೇಳುವುದಿಲ್ಲ, ಬೇರೆಯವರಿಗೆ ಹೇಳಬೇಡಿ ಎಂದೂ ಹೇಳುವುದಿಲ್ಲ, ಈಗ ಎಲ್ಲರಿಗೂ ಗೊತ್ತಾಗಿದೆ.

ಹತ್ತು ವರ್ಷದ ಹಿಂದೆ, ಅಂಗಡಿ ತೆರೆದು ಎರಡು ತಿಂಗಳಾಗಿದ್ದಾಗ, ಕಲ್ಲೂರಿನಲ್ಲಿರುವ ಗೌರತ್ತೆಯ ದೊಡ್ಡ ಮಗಳ ಮದುವೆ ಬಂತು. ಗೌರತ್ತೆ ನನ್ನ ಅಪ್ಪನ ತಂಗಿ. ಅಪ್ಪ ಆಗಲೇ ತೀರಿಕೊಂಡಿದ್ದರು. ಅತ್ತೆ ನೋಟ್‌ಬುಕ್ಕಿನ ಹಾಳೆಯಲ್ಲಿ ತಮ್ಮ ಕೈಯಾರೆ ಬರೆದುಕೊಂಡು ಬಂದು, ಪತ್ರಿಕೆಯನ್ನು ನನ್ನಿಂದಲೇ ಮಾಡಿಸಿದರು. ಅದು ನಾನು ಮಾಡಿದ ಮೊದಲ ಕನ್ನಡ ಲಗ್ನಪತ್ರಿಕೆ. ಅಂಚಿಗೆ ಬಳ್ಳಿ ಬಿಡಿಸಿದ್ದೆ, ಬಳ್ಳಿಗೆ ಗಿಣಿ ಕೂರಿಸಿದ್ದೆ, ಗಿಣಿಯ ಬಾಯಿಗೆ ಮಾವಿನೆಲೆ ಕೊಟ್ಟಿದ್ದೆ. ಇಷ್ಟೆಲ್ಲ ಮಾಡುವ ಭರದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂಬ ಪಟ್ಟಿಯ ಕೊನೆಯ ಸಾಲು ಗಿಣಿಯ ಬಾಲದ ಕೆಳಗೆ ಸೇರಿ ಮಾಯವಾಯಿತು. ನಮ್ಮ ಮನೆತನದಲ್ಲಿ ಆ ಕೊನೆಯ ಸಾಲು, ಒಂದು ಗೆರೆ ಬಿಟ್ಟು ದಪ್ಪ ಅಕ್ಷರದಲ್ಲಿ ಬರುವ ಸಾಲು, ಹುಡುಗಿಯ ಸೋದರಮಾವನದು. ಹುಡುಗಿಯನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಅವನೇ.

ಈ ಸೋದರಮಾವ ಎಂದರೆ ಸಿದ್ದಪ್ಪ ದೊಡ್ಡಪ್ಪ. ಅಪ್ಪನಿಗೂ ಅತ್ತೆಗೂ ಅಣ್ಣ. ಬೇಗೂರಿನ ಕಡೆ, ಕಾಡಂಚಿನಲ್ಲಿ, ಒಂದಿಷ್ಟು ಕಾಫಿ ಮೆಣಸು ಬೆಳೆದುಕೊಂಡು ಇರುವ ಮನುಷ್ಯ. ಪತ್ರಿಕೆ ಅವರ ಕೈಸೇರಿತು. ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು, ಹಿಂದುಮುಂದು ತಿರುಗಿಸಿ ನೋಡಿದರು. ತಂಗಿಗೆ ತಾನು ಬೇಡವಾದೆ ಎಂದು ತೀರ್ಮಾನಿಸಿದರು. ಮದುವೆಗೆ ಹೋಗಲಿಲ್ಲ. ಹುಡುಗಿಯನ್ನು ಹಸೆಗೆ ಇನ್ಯಾರೋ ದೂರದ ನೆಂಟರು ಕರೆತಂದರು. ಅಲ್ಲಿಂದ ಅಣ್ಣತಂಗಿಯರ ನಡುವೆ ಮಾತಿಲ್ಲ.

ನನಗೆ ತಪ್ಪು ಗೊತ್ತಾದದ್ದು ಪತ್ರಿಕೆಗಳೆಲ್ಲ ಹಂಚಿ ಆದಮೇಲೆ. ಒಂದು ವಾರ ಬಿಟ್ಟು, ದೊಡ್ಡಪ್ಪನ ಸಿಟ್ಟು ಇಳಿದಮೇಲೆ ಹೋಗಿ ಹೇಳೋಣ ಎಂದುಕೊಂಡೆ. ವಾರ ಬಿಟ್ಟು ನೋಡಿದರೆ ಸಿಟ್ಟು ಏರಿತ್ತು. ತಿಂಗಳು ಬಿಟ್ಟೆ. ವರ್ಷವಾದಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಹೊಸ ಹೆದರಿಕೆ ಶುರುವಾಯಿತು. ಹೀಗೆ ನನ್ನ ಹೇಡಿತನವೂ ನನ್ನ ಅಂಗಡಿಯೂ ಜೊತೆಯಲ್ಲೇ ಬೆಳೆದವು. ಗೌರತ್ತೆ ಎದುರಾದಾಗಲೆಲ್ಲ ನನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು.

ಹತ್ತು ವರ್ಷ ಕಳೆದು ಈಗ ಅತ್ತೆಯ ಚಿಕ್ಕ ಮಗಳು ಸುಮಳ ಮದುವೆ ಗೊತ್ತಾಯಿತು. ಸುಮ ನರ್ಸು, ಧೈರ್ಯದ ಹುಡುಗಿ. ತಾನೇ ಬಸ್ಸು ಹತ್ತಿ ಬೇಗೂರಿಗೆ ಹೋಗಿ, ಮಾವನ ಜಗಲಿಯ ಮೇಲೆ ಕೂತು, "ನೀವು ಬಂದು ಕೈಹಿಡಿದು ಕರ್ಕಂಡು ಹೋಗದಿದ್ರೆ ನಾನು ಹಸೆಗೇ ಬರಕಿಲ್ಲ" ಎಂದಳಂತೆ. ದೊಡ್ಡಪ್ಪ ಒಂದು ಷರತ್ತು ಹಾಕಿದರು. ಪತ್ರಿಕೆಯಲ್ಲಿ ತಮ್ಮ ಹೆಸರು ಕೂರುವುದನ್ನು ತಾವೇ ಕಣ್ಣಾರೆ ನೋಡಬೇಕು. ಅಲ್ಲದೆ ಅಚ್ಚಾಗುವ ಮೊದಲು ಪಟ್ಟಿ ಅಂಗಡಿಯಿಂದ ಹೊರಗೆ ಹೋಗಕೂಡದು, ಕಾಗದದಲ್ಲಾಗಲಿ ಫೋನಿನಲ್ಲಾಗಲಿ. ಹೋದರೆ ಯಾರಾದರೂ ನೋಡಿ, ನನ್ನ ಹೆಸರು ಮೇಲೆ ಹಾಕು, ಅವನದು ಕೆಳಗೆ ಹಾಕು ಎಂದು ಶುರು ಮಾಡುತ್ತಾರೆ. ದೊಡ್ಡಪ್ಪ ಹೇಳಿದ್ದು ನಿಜವೇ. ನಮ್ಮ ನೆಂಟರಲ್ಲಿ ಊಟದ ಎಲೆಗೆ ಪಾಯಸ ಬಾರದಿದ್ದರೂ ಸಹಿಸಿಕೊಳ್ಳುವವರಿದ್ದಾರೆ, ಹೆಸರು ಒಂದು ಸಾಲು ಕೆಳಗೆ ಬಂದರೆ ಸಹಿಸುವವರಿಲ್ಲ.

ಹೀಗೆ ಒಂದು ಬೆಳಿಗ್ಗೆ ಅತ್ತೆ ಕಲ್ಲೂರಿನಿಂದ ಎರಡು ಬಸ್ಸು ಬದಲಿಸಿ ಬಂದರು, ದೊಡ್ಡಪ್ಪ ಬೇಗೂರಿನಿಂದ ಒಂದೇ ಬಸ್ಸಿನಲ್ಲಿ, ಆದರೆ ರಸ್ತೆಯಲ್ಲಿ ಆನೆ ನಿಂತಿದ್ದರಿಂದ ಅವರೇ ತಡವಾಗಿ ಬಂದರು. ಇಬ್ಬರೂ ನನ್ನ ಹಲಸಿನ ಬೆಂಚಿನ ಎರಡು ತುದಿಗಳಲ್ಲಿ ಕೂತರು. ನಡುವೆ ಇಬ್ಬರು ಕೂರುವಷ್ಟು ಜಾಗ. ನಾನು ಗುಂಡಿ ಒತ್ತಿದೆ. ಚಕ್ರ ತಿರುಗತೊಡಗಿತು. ಐದು ನಿಮಿಷ ಅತ್ತೆ ಕ್ಯಾಲೆಂಡರು ನೋಡಿದರು, ದೊಡ್ಡಪ್ಪ ಫ್ಯಾನು ನೋಡಿದರು. ಹತ್ತು ನಿಮಿಷಕ್ಕೆ ಕ್ಯಾಲೆಂಡರಿನಲ್ಲಿ ನೋಡುವುದು ಮುಗಿಯಿತು. ನಾನು ಇಲ್ಲದ ಕಾಗದಗಳನ್ನು ಜೋಡಿಸುತ್ತ ಬೆವರುತ್ತಿದ್ದೆ.

"ಇದ್ಯಾವತ್ತಿಗೆ ಹತ್ಕಂಡದೋ" ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

"ಹಸಿ ಸೌದೆ ಕನವ್ವ. ಊದ್ಬೇಕು" ಎಂದರು ದೊಡ್ಡಪ್ಪ, ಫ್ಯಾನಿಗೆ.

"ಊದಕೆ ಎಲ್ಲಿ ತೂತದೆ ಇದ್ಕೆ?"

"ಹಿಂದ್ಗಡೆ ನೋಡು, ಬಾಳ ಅವೆ."

ಅತ್ತೆ ಬಗ್ಗಿ ನೋಡಿದರು. ನಿಜವಾಗಿಯೂ ಇದ್ದವು. ಮೊದಲು ಅತ್ತೆ ಕಿಸಕ್ಕನೆ ನಕ್ಕರು, ಆಮೇಲೆ ದೊಡ್ಡಪ್ಪ. ಹತ್ತು ವರ್ಷದ ಮೌನ ನನ್ನ ಕಂಪ್ಯೂಟರನ್ನು ಹಂಗಿಸುವುದರಿಂದ ಮುರಿಯಿತು. ಅದರ ವಯಸ್ಸು, ಅದರ ಗೂರಲು, ಅದರ ಮೈಮೇಲಿನ ಧೂಳು, ಅದರಿಂದ ನನಗೆ ಬಂದ ಗತಿ, ಹೀಗೆ ಒಂದೊಂದಾಗಿ ಮುಗಿಸಿ, ಮಾತು ನನ್ನ ಹೊಟ್ಟೆಯ ಸುತ್ತಳತೆಗೆ ಬಂತು. ಅಲ್ಲಿಂದ ದೊಡ್ಡಪ್ಪನ ಮಂಡಿನೋವಿಗೆ. ಟಣ್ ಎಂದು ಶಬ್ದ ಬರುವಾಗ ಅತ್ತೆ ಅಣ್ಣನ ಮಂಡಿಗೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳುತ್ತಿದ್ದರು. ಬೆಂಚಿನ ನಡುವೆ ಈಗ ಒಬ್ಬರು ಕೂರುವಷ್ಟೇ ಜಾಗವಿತ್ತು.

ಆಮೇಲೆ ಎರಡು ಗಂಟೆ ಪಟ್ಟಿ ಮಾಡಿದೆವು. ನಲವತ್ತೊಂದು ಹೆಸರು. ಯಾರ ಕೆಳಗೆ ಯಾರು, ಯಾರ ಪಕ್ಕ ಯಾರು ಕೂಡದು, ಯಾರಿಗೆ ಶ್ರೀಮತಿ, ಯಾರಿಗೆ ಬರೀ ಹೆಸರು. ಕೊನೆಯಲ್ಲಿ ಒಂದು ಗೆರೆ ಬಿಟ್ಟು, ದಪ್ಪ ಅಕ್ಷರದಲ್ಲಿ, ದೊಡ್ಡಪ್ಪನ ಹೆಸರು. ಅವರು ಪರದೆಯ ಹತ್ತಿರ ಮುಖ ತಂದು ಎರಡು ಸಲ ಓದಿಕೊಂಡರು. ಮುಂದಿನ ವಾರ ಬಂದು ಒಮ್ಮೆ ನೋಡಿ ಪ್ರೆಸ್ಸಿಗೆ ಕಳಿಸುವುದೆಂದಾಯಿತು. ಏಳುವಾಗ ಅತ್ತೆ ಒಂದು ಮಾತು ಅಂದರು. "ಮಾದೇವ, ನಿನ್ ಮಿಷನ್‌ಗೆ ವಯಸ್ಸಾಯ್ತು ಕನ್ಲಾ. ನಾವು ಕಣ್ಮುಚ್ಚದ್ರೊಳಗೆ ಹತ್ಕಳದೊಂದು ತಕ."

ತಮಾಷೆಗೆ ಹೇಳಿದ್ದು. ನನಗೆ ಚುಚ್ಚಿತು. ಮುಂದಿನ ವಾರ ಇವರು ಬಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ತೋರಿಸದಿದ್ದರೆ ನಾನು ಮಹದೇವನೇ ಅಲ್ಲ ಎಂದುಕೊಂಡೆ.

ಕಂಪ್ಯೂಟರ್ ಬಿಡಿಭಾಗ ಮಾರುವ ಬಿಜುವಿನ ಅಂಗಡಿಗೆ ಹೋದೆ. ಹಳೆಯ ಹಾರ್ಡ್ ಡಿಸ್ಕು ಒಳಗೆ ತಟ್ಟೆ ತಿರುಗಿಸಿಕೊಂಡು ಹುಡುಕುತ್ತದೆ, ಅದಕ್ಕೇ ನಿಧಾನ, ಎಸ್.ಎಸ್.ಡಿ. ಹಾಕಿದರೆ ಹಾರುತ್ತದೆ ಎಂದು ಅವನು ಮಲಯಾಳದಲ್ಲಿ ವಿವರಿಸಿದ. ಅವನು ಕೈಗಿಟ್ಟ ಹೊಸ ಡಿಸ್ಕು ಒಂದು ಬೆಂಕಿಪೊಟ್ಟಣವನ್ನು ಚಪ್ಪಟೆ ಮಾಡಿ ಎಳೆದಂತಿತ್ತು. ತೂಕವೇ ಇಲ್ಲ, ಅಲ್ಲಾಡಿಸಿದರೆ ಶಬ್ದವಿಲ್ಲ. ಖಾಲಿ ಡಬ್ಬಿ ಕೊಟ್ಟು ಮೋಸ ಮಾಡುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ.

"ಕಂಪ್ಯೂಟರು ತನ್ನಿ ಚೇಟ್ಟಾ, ಹಳೆಯದರಲ್ಲಿರುವುದನ್ನೆಲ್ಲ ಹೊಸದಕ್ಕೆ ನಾನೇ ಇಳಿಸಿ ಕೊಡುತ್ತೇನೆ" ಎಂದ ಬಿಜು. ಚೇಟ್ಟಾ ಎಂದರೆ ಅಣ್ಣ.

ಇಲ್ಲಿ ನಾನು ಹೂಂ ಅಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಹತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಅನ್ನ ತಿನ್ನುವವನಿಗೆ ನಿನ್ನೆ ಮೊನ್ನೆ ಬಂದವನು ಹೇಳಿಕೊಡುವುದೇ? ಒಂದು ಮಲಯಾಳ ವಿಡಿಯೊ ಪೂರ್ತಿ ನೋಡಿದ್ದೆ, ಇನ್ನೊಂದನ್ನು ಅರ್ಧ. "ವೇಂಡ ವೇಂಡ, ಬೇಡ, ನನಗೆ ಬರುತ್ತದೆ" ಎಂದು ಹೇಳಿ, ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡುವ ಎರಡು ಬಾಯಿಯ ಒಂದು ಡಬ್ಬಿಯನ್ನೂ ಅವನಿಂದಲೇ ಕೊಂಡು ಬಂದೆ. ಮನೆಯಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಪದ್ಮ ಅಡುಗೆಮನೆಯಿಂದಲೇ ಕೇಳಿದಳು. "ನೀವು ಬಿಚ್ಚಿದ್ದು ಯಾವ್ದು ಇದುವರ್ಗೂ ಮುಚ್ಕಂಡದೆ?" ಮಿಕ್ಸಿಯ ಪ್ರಸಂಗವನ್ನು ಅವಳಿನ್ನೂ ಮರೆತಿಲ್ಲ.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಕೆಲಸಕ್ಕೆ ಕೂತೆ. ಕಂಪ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಹತ್ತು ವರ್ಷದ ಧೂಳು, ಎರಡು ಸತ್ತ ಜಿರಳೆ, ಎಂದೋ ಕಳೆದುಹೋಯಿತೆಂದು ಹುಡುಕಿದ್ದ ಯಾರದೋ ಪಾಸ್‌ಪೋರ್ಟ್ ಸೈಜಿನ ಫೋಟೋ. ಹಳೆಯ ಡಿಸ್ಕನ್ನು ಬಿಚ್ಚಿ ಕೈಯಲ್ಲಿ ಹಿಡಿದೆ. ಇಟ್ಟಿಗೆಯಷ್ಟು ಭಾರ. ಒರೆಸಿದೆ. ಇಷ್ಟು ವರ್ಷ ದುಡಿದದ್ದು ಎಂದು ಕಣ್ಣಿಗೊತ್ತಿಕೊಂಡೆ, ಹೊಸದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟೆ. ಡಬ್ಬಿಯ ಮೇಲೆ ಮುಂದಿನ ಬಾಯಿಗೆ ಎ, ಹಿಂದಿನದಕ್ಕೆ ಬಿ ಎಂದು ಬರೆದು, ಎ-ಯಿಂದ ಬಿ-ಗೆ ಒಂದು ಸಣ್ಣ ಬಾಣದ ಗುರುತು ಹಾಕಿದ್ದರು.

ಆಮೇಲೆ ನನ್ನ ಕೈ ಏನು ಮಾಡಿತು ಎಂದು ನೀವು ಆಗಲೇ ಊಹಿಸಿದ್ದೀರಿ. ಹಿರಿಯರಿಗೆ ಒಳಗಿನ ಜಾಗ, ಹೊಸಬರು ಬಾಗಿಲ ಕಡೆ. ಹಳೆಯದನ್ನು ಹಿಂದಿನ ಬಾಯಿಗೆ ಕೂರಿಸಿದೆ, ಹೊಸದನ್ನು ಮುಂದಿನದಕ್ಕೆ. ಬಾಣವನ್ನೂ ನೋಡಿದೆ, ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೊಸದರಿಂದ ಹಳೆಯದರ ಕಡೆಗೆ ತೋರಿಸುತ್ತಿತ್ತು. ಹೊಸದೇ ನಡೆದುಹೋಗಿ ಹಳೆಯದನ್ನು ಸೇರಬೇಕಲ್ಲವೇ? ಅಜ್ಜಿ ಪತ್ತಾಯದ ಮುಂದೆ ನಿಂತಿದ್ದರೂ ಹಾಗೇ ಮಾಡುತ್ತಿದ್ದರು. ಗುಂಡಿ ಒತ್ತಿದೆ. ನೀಲಿ ದೀಪಗಳು ಒಂದೊಂದಾಗಿ ಹತ್ತಿದವು. ಸುಮಾರು ಹೊತ್ತಾದ ಮೇಲೆ ನಾಲ್ಕೂ ಹತ್ತಿ ನಿಂತವು. ನಾನು ಎದ್ದು ಮೈಮುರಿದು, ಬಿಜುವಿಗೆ ಫೋನು ಮಾಡಿ, "ಎಲ್ಲ ಮುಗಿಯಿತು" ಎಂದು ಹೆಮ್ಮೆಯಿಂದ ಹೇಳಿದೆ. ಮಾತು ಅಕ್ಷರಶಃ ನಿಜವಾಗಿತ್ತು.

ಖಾಲಿ ಡಿಸ್ಕಿನ ಖಾಲಿತನವನ್ನು ನಾನು ಶ್ರದ್ಧೆಯಿಂದ ಹಳೆಯ ಡಿಸ್ಕಿಗೆ ನಕಲು ಮಾಡಿದ್ದೆ.

ಮರುದಿನ ಬಿಜು ಎರಡು ಡಿಸ್ಕುಗಳನ್ನೂ ನೋಡಿ, ನನ್ನನ್ನೂ ನೋಡಿ, ಕೈ ಚೆಲ್ಲಿದ. "ಪೋಯಿ ಚೇಟ್ಟಾ." ಹೋಯಿತು ಅಂತ. ನಾನು ಸರಿಯಾದ ದಿಕ್ಕಿನಲ್ಲಿ ಹಾಕಿದ್ದರೆ ಡಬ್ಬಿ ಕೆಲಸವನ್ನೇ ಮಾಡುತ್ತಿರಲಿಲ್ಲವಂತೆ. ಹಳೆಯದು ದೊಡ್ಡದು, ಹೊಸದು ಚಿಕ್ಕದು, ಹಿಡಿಸುವುದಿಲ್ಲವೆಂದು ಕೆಂಪು ದೀಪ ತೋರಿಸಿ ನಿಲ್ಲುತ್ತಿತ್ತು. ತಪ್ಪು ದಿಕ್ಕಿಗೆ ಮಾತ್ರ ಅದರ ಒಪ್ಪಿಗೆಯಿತ್ತು. ಹೊಸದು ಚಿಕ್ಕದಾದ್ದರಿಂದ ಹಳೆಯದರ ಅರ್ಧ ಭಾಗವಷ್ಟೇ ಅಳಿಸಿಹೋಗಿತ್ತು. ಇನ್ನರ್ಧವನ್ನು ಅವನು ಎರಡು ದಿನ ಕೂತು ಎತ್ತಿಕೊಟ್ಟ. ಅದರಲ್ಲಿದ್ದದ್ದು ಹತ್ತು ವರ್ಷ ತೆಗೆದ ಪಾಸ್‌ಪೋರ್ಟ್ ಸೈಜಿನ ಫೋಟೋಗಳು, ಸಾವಿರಾರು. ಕನ್ನಡದ ಕೆಲಸವನ್ನೆಲ್ಲ, ಬೇಗ ಕೈಗೆ ಸಿಗಲಿ ಎಂದು, ನಾನು ಡೆಸ್ಕ್‌ಟಾಪಿನ ಮೇಲೇ ಇಟ್ಟುಕೊಂಡಿದ್ದೆ. ಅದು ಅಳಿಸಿದ ಅರ್ಧದಲ್ಲಿತ್ತು. ಮುಖಗಳೆಲ್ಲ ಸಿಕ್ಕವು, ಹೆಸರುಗಳು ಹೋದವು.

ಹೊಸ ಡಿಸ್ಕಿಗೆ ಬಿಜುವೇ ಎಲ್ಲವನ್ನೂ ಹೊಸದಾಗಿ ತುಂಬಿಕೊಟ್ಟ. ಹಳೆಯ ಟಣ್ ಶಬ್ದ ಬೇಕೇ ಬೇಕೆಂದು ನಾನು ಹಟ ಹಿಡಿದೆ. ಅದೊಂದನ್ನಾದರೂ ಉಳಿಸಿಕೊಂಡೆನೆಂಬ ಸಮಾಧಾನಕ್ಕೆ. ಅವನು ಮರುಮಾತಾಡದೆ ಹಾಕಿಕೊಟ್ಟ.

ನಲವತ್ತೊಂದು ಹೆಸರುಗಳನ್ನು ನಾನೇ ನೆನಪಿನಿಂದ ಬರೆಯಲು ಕೂತೆ. ಮೂವತ್ತೇಳು ಬಂದವು. ಆದರೆ ಸಾಲು? ಯಾರ ಕೆಳಗೆ ಯಾರು ಎಂಬುದರಲ್ಲೇ ಅಲ್ಲವೇ ಎರಡು ಗಂಟೆ ಹೋದದ್ದು! ಒಂದು ಸಾಲು ತಪ್ಪಿದರೆ ಹತ್ತು ವರ್ಷ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಎರಡು ದಿನ ಊಟ ಸೇರಲಿಲ್ಲ. ಪಟ್ಟಿ ಹೋಯಿತೆಂದರೆ ದೊಡ್ಡಪ್ಪ ಈ ಸಲವೂ ತಂಗಿಯನ್ನೇ ಅನುಮಾನಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ ಹಸೆಯ ಪಕ್ಕದ ಕೋಣೆಯಲ್ಲಿ ಮಾವನಿಗಾಗಿ ಕಾದು ಕೂತಿರುವುದು ಕಣ್ಣಿಗೆ ಕಟ್ಟಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಹೋಗಿ ನಿಜ ಹೇಳಿ. ಎರಡ್ನೂವೆ" ಎಂದಳು ಪದ್ಮ. ಗಿಣಿಯ ಬಾಲದ ಕಥೆ ಅವಳೊಬ್ಬಳಿಗೆ ಗೊತ್ತಿತ್ತು.

ಹೇಳಲು ಧೈರ್ಯ ಬರಲಿಲ್ಲ. ಫೋನಿನಲ್ಲಿ "ಸಣ್ಣದೊಂದು ತಿದ್ದುಪಡಿ ಇದೆ" ಎಂದಷ್ಟೇ ಹೇಳಿ ಇಬ್ಬರನ್ನೂ ಕರೆಸಿದೆ.

ಇಬ್ಬರೂ ಬಂದರು. ಅತ್ತೆ ಒಂದು ಸೀಸೆಯಲ್ಲಿ ಮಂಡಿಯ ಎಣ್ಣೆ ತಂದು ಅಣ್ಣನ ಪಕ್ಕ ಇಟ್ಟರು. ರೂಢಿಯಂತೆ ನಾನು ಗುಂಡಿ ಒತ್ತಿದೆ. ಅಷ್ಟು ದಿನದ ಗೋಳಿನಲ್ಲಿ ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಅವರು ಪೂರ್ತಿ ಕೂರುವ ಮೊದಲೇ ಟಣ್ ಎಂದಿತು. ನಾನು ಜೋರಾಗಿ ಕೆಮ್ಮಿ, ಕೈ ಚಾಚಿ ಪರದೆಯ ದೀಪ ಆರಿಸಿಬಿಟ್ಟೆ. ಪರದೆ ಕಪ್ಪಗಾಯಿತು. ಅದರ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ.

"ಕುಂತ್ಕಳಿ. ಓಪನ್ ಆಯ್ತಾ ಅದೆ" ಎಂದೆ.

ಹತ್ತು ವರ್ಷದಲ್ಲಿ ಆ ಕಂಪ್ಯೂಟರು ನಿಧಾನವಾಗಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು. ಐದು ನಿಮಿಷ ಸಿಕ್ಕರೆ ಹೇಗಾದರೂ ಶುರು ಮಾಡುತ್ತೇನೆ ಅನಿಸಿತ್ತು. ಆದರೆ ದೊಡ್ಡಪ್ಪ ನೇರವಾಗಿ ಕೇಳಿದರು.

"ಏನ್ಲಾ ಅದು ತಿದ್ದದು?"

"ಪಟ್ಟಿ ಹೋಯ್ತು ದೊಡ್ಡಪ್ಪ. ಅಳಿಸ್ಹೋಯ್ತು."

"ನನ್ ಹೆಸ್ರು?"

"ಎಲ್ಲಾನೂವೆ."

ದೊಡ್ಡಪ್ಪ ನನ್ನನ್ನು ನೋಡಲಿಲ್ಲ. ನಿಧಾನವಾಗಿ ತಲೆ ತಿರುಗಿಸಿ ತಂಗಿಯನ್ನು ನೋಡಿದರು. ಹತ್ತು ವರ್ಷದ ಹಿಂದಿನ ನೋಟ ಹೇಗಿದ್ದಿರಬಹುದೆಂದು ನನಗೆ ಆಗ ಗೊತ್ತಾಯಿತು. ಅತ್ತೆ ಎಣ್ಣೆಯ ಸೀಸೆಯನ್ನು ಮತ್ತೆ ಕೈಗೆತ್ತಿಕೊಂಡು ಅದರ ಮುಚ್ಚಳ ಬಿಗಿಮಾಡುತ್ತಿದ್ದರು. ಆ ಮುಖ ನೋಡಿದ ಮೇಲೆ ನನ್ನ ಹೆದರಿಕೆಗೆ ಇರಲು ಜಾಗವಿರಲಿಲ್ಲ.

"ಅತ್ತೆದೇನೂ ಇಲ್ಲ ದೊಡ್ಡಪ್ಪ. ಈಗ್ಲೂ ನಾನೇ, ಅವತ್ತೂ ನಾನೇ" ಎಂದೆ. ಗಿಣಿ, ಬಾಲ, ಕೊನೆಯ ಸಾಲು, ಒಂದು ವಾರ ಬಿಟ್ಟು ಹೇಳೋಣವೆಂದುಕೊಂಡದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ನಲವತ್ತು ದಾಟಿದ ಗಂಡಸು ಸ್ವಂತ ಅಂಗಡಿಯಲ್ಲಿ, ಪಕ್ಕದ ಫೋಟೋಸ್ಟ್ಯಾಟ್ ಮಿಷನ್ನಿಗೆ ಒರಗಿಕೊಂಡು ಅಳುವುದು ನೋಡಲು ಚೆನ್ನಾಗಿರಲಿಕ್ಕಿಲ್ಲ.

ಆಮೇಲೆ ದೊಡ್ಡಪ್ಪ ತಂಗಿಯನ್ನು ಕೇಳಿದರು.

"ನಿಂಗೆ ಗೊತ್ತಿತ್ತಾ?"

"ಪಿನ್ನೆ? ಗೊತ್ತಿಲ್ದೆ ಏನು? ಹಾಳೇಲಿ ಬರ್ದು ಕೊಟ್ಟೋಳು ನಾನಲ್ವಾ ಅಣ್ಣಯ್ಯ? ನಿನ್ ಹೆಸ್ರ ನನ್ ಕೈಯಾರೆ ಬರ್ದಿದ್ದೆ. ಎಲ್ಲಿ ಬಿಟ್ಹೋಯ್ತು ಅಂತ ತಿಳಿಯಕಿಲ್ವಾ?"

"ಮತ್ಯಾಕ್ ಹೇಳ್ಲಿಲ್ಲ?"

"ಅಂಗಡಿ ತೆರ್ದು ಎರಡ್ ತಿಂಗ್ಳಾಗಿತ್ತು. ಅಪ್ಪ ಇಲ್ದೋನು. ಮೊದಲ್ನೆ ಪತ್ರಿಕೆನೇ ಹಿಂಗೆ ಅಂತ ನಾನೇ ಹೇಳ್ಕಂಡ್ ತಿರುಗುದ್ರೆ ಇವ್ನ ತಾವ ಆಮೇಕೆ ಯಾರ್ ಬತ್ತಿದ್ರು?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನೀನು ಬಂದು ಬೈದ್ರೆ ಆಗ ನಿಂಗೊಬ್ನಿಗೆ ಹೇಳಣಾಂತಿದ್ದೆ. ನೀನು ಬರ್ಲೇ ಇಲ್ಲ."

ನನ್ನ ಹತ್ತು ವರ್ಷದ ಅನ್ನ ಯಾರ ಮೌನದಿಂದ ಬಂದದ್ದೆಂದು ನನಗೆ ಆ ಹೊತ್ತಿನವರೆಗೂ ಗೊತ್ತಿರಲಿಲ್ಲ. ನಾನು ಎದುರಾದಾಗಲೆಲ್ಲ ತಪ್ಪಿಸಿಕೊಂಡು ಹೋಗುತ್ತಿದ್ದುದು ಇದೇ ಅತ್ತೆಯಿಂದ.

ದೊಡ್ಡಪ್ಪ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಎದ್ದು ಹೊರಟುಬಿಡುತ್ತಾರೆಂದು ನಾನು ಹೆದರಿದೆ. ಅವರು ಎದ್ದರು. ಬೆಂಚಿನ ನಡುವೆ ಉಳಿದಿದ್ದ ಒಬ್ಬರ ಜಾಗವನ್ನು ದಾಟಿ, ತಂಗಿಯ ಪಕ್ಕಕ್ಕೆ ಸರಿದು ಮತ್ತೆ ಕೂತರು. ಎಣ್ಣೆಯ ಸೀಸೆಯನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗಿಟ್ಟುಕೊಂಡರು.

ಏನಾದರೂ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಬೆರಳು ಇನ್ನೂ ಪರದೆಯ ಗುಂಡಿಯ ಮೇಲೇ ಇತ್ತು. "ಇನ್ನೇನು ಓಪನ್ ಆಯ್ತದೆ ದೊಡ್ಡಪ್ಪ, ಮೊದ್ಲಿಂದ ಬರೆಯಣ" ಎಂದೆ.

"ಅದು ಹತ್ಕಂಡು ಆವಾಗ್ಲೇ ಆಯ್ತು ಕನ್ಲಾ. ಟಣ್ ಅಂದದ್ದು ನಂಗೂ ಕೇಳ್ತು, ಇವಳ್ಗೂ ಕೇಳ್ತು" ಎಂದರು ದೊಡ್ಡಪ್ಪ. "ನಾವು ಇನ್ನೊಂದ್ ಗಳಿಗೆ ಕುಂತಿರ್ತೀವಿ. ನೀನು ಹೋಗಿ ಮೂರು ಟೀ ತಕಬಾ."